ಅವ್ವ ಹಲಗೆಯ ಮೇಲೆ ಕುಳಿತದ್ದು

ಮೊನ್ನೆ ಕೊಪ್ಪಳದ ಕಿರಾಣಿ ಅಂಗಡಿಯೊಂದರ ಮುಂದೆ ಹೊಸ ಗೋಣಿಚೀಲಗಳ ವಾಸನೆ ಮೂಗಿಗೆ ಬಡಿದು ನನ್ನ ಎದೆ ಧಸಕ್ಕೆಂದಿತು. ಅರವತ್ತು ದಾಟಿದ ಹೆಂಗಸು ಖಾಲಿ ಚೀಲಕ್ಕೆ ಹೆದರುತ್ತಾಳೆಂದು ನೀವು ನಗಬಹುದು. ನಗಿ, ಆದರೆ ಕೇಳಿ.

ಅಪ್ಪ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಯಲಬುರ್ಗಾ ಕಡೆಯ ಎರೆಹೊಲ ಬಿಟ್ಟು ನಾವು ಕಾಲುವೆ ಸೀಮೆಗೆ ಬಂದದ್ದೇ ಅವನ ಹೆಗಲನ್ನು ನಂಬಿಕೊಂಡು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಪಿಯುಸಿ ಓದುತ್ತಿದ್ದೆ. ನಮ್ಮ ಇಂಗ್ಲಿಷ್ ಮಾಸ್ತರರು ಎಲ್ಲಿಂದಲೋ ಇಂಗ್ಲೆಂಡಿನ ಹಳೆಯ ಸಿನಿಮಾ ತರಿಸಿ, ಒಂದು ಮಧ್ಯಾಹ್ನ ಕಾಲೇಜಿನ ಕಿಟಕಿಗಳಿಗೆ ಜಮಖಾನೆ ಕಟ್ಟಿ ತೋರಿಸಿದರು. ಬಿಟ್ಟಿ ಸಿನಿಮಾ ಎಂದು ಅವ್ವನನ್ನೂ ಕರೆದೊಯ್ದೆ. ಎಲ್ಲ ತಿಳಿಸಿ ಹೇಳುತ್ತೇನೆಂದು ಜಂಬ ಬೇರೆ ಕೊಚ್ಚಿದ್ದೆ. ಪರದೆಯ ಮೇಲಿನವರ ಮಾತು ಅರ್ಧವೂ ತಿಳಿಯದೆ ಬಾಯಿಗೆ ಬಂದದ್ದನ್ನು ಹೇಳತೊಡಗಿದೆ.

ಬಂದರಿನಲ್ಲಿ ಹಡಗಿನ ಮೂಟೆ ಇಳಿಸುವ ಒಬ್ಬ ಕೂಲಿ, ಅವನ ಹೆಂಡತಿ, ಮಕ್ಕಳು, ಇಕ್ಕಟ್ಟಿನ ಮನೆ. ಅವ್ವನಿಗೆ ನನ್ನ ಇಂಗ್ಲಿಷ್ ಬೇಕಾಗಲೇ ಇಲ್ಲ.

"ಆಕಿ ಗಂಡಗ ಬುತ್ತಿ ಕಟ್ಟಾಕತ್ತಾಳ ನೋಡು," ಎಂದು ನನಗೇ ತಿಳಿಸಿದಳು.

ಆಮೇಲೆ ಆ ಮನುಷ್ಯ ಮೂಟೆ ಹೊತ್ತು, ಹಡಗಿನಿಂದ ದಡಕ್ಕೆ ಹಾಕಿದ ಹಲಗೆಯ ಮೇಲೆ ಬಂದ. ಹಲಗೆ ಬಾಗಿ ಮುರಿಯಿತು. ಮೂಟೆಯ ಸಮೇತ ಅವನು ನೀರಿಗೆ ಬಿದ್ದ. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ಗಿರಣ್ಯಾಗಿನ ಹಲಗಿ ಸೀಳೈತಿ ಅಂತ ನಿಮ್ಮಪ್ಪ ಮೊನ್ನಿ ಹೇಳತಿದ್ದ. ಏಳು."

ಬಿಸಿಲಲ್ಲಿ ಗಿರಣಿಯತ್ತ ಅವಳ ಹಿಂದೆ ಓಡಿದೆ. ಪರದೆಯ ಆ ಮನುಷ್ಯನಿಗೆ ಆಗಲೇ ಅಪ್ಪನ ಮುಖ ಬಂದುಬಿಟ್ಟಿತ್ತು.

ಅಪ್ಪ ಬದುಕಿದ್ದ. ಲಾರಿಯೊಳಗೆ ಚೀಲ ಇಳಿಸಿ, ಇನ್ನೊಂದಕ್ಕಾಗಿ ಹಲಗೆಯ ಮೇಲೆ ಗೋದಾಮಿನ ಕಟ್ಟೆಗೆ ಬರುತ್ತಿದ್ದ. ಒಂದೊಂದು ಹೆಜ್ಜೆಗೂ ಹಲಗೆಯ ನಡುವಿನ ಬಿರುಕು ಬಾಯಿ ತೆರೆದು ಮುಚ್ಚುತ್ತಿತ್ತು. ಅವನು ಕಟ್ಟೆಗೆ ಕಾಲಿಟ್ಟದ್ದೇ ತಡ, ಅವ್ವ ಹೋಗಿ ಹಲಗೆಯ ತುದಿಯಲ್ಲಿ ಕುಳಿತುಬಿಟ್ಟಳು.

"ಏಳಬೇ, ಲಾರಿ ಹೋಗೂ ಹೊತ್ತಾತು," ಎಂದ ಗಿರಣಿಯ ಗುಮಾಸ್ತ.

"ಬ್ಯಾರೆ ಹಲಗಿ ತರಸ್ರಿ."

"ಹಂಗಾರ ನಾಳಿಂದ ನಿನ್ನ ಗಂಡ ಬರೂದು ಬ್ಯಾಡ."

ಅಪ್ಪನ ಮುಖ ಕಪ್ಪಿಟ್ಟಿತು. "ಮನಿಗೆ ನಡಿ. ಹೊಟ್ಟಿಮ್ಯಾಲೆ ಹೊಡಿಬ್ಯಾಡ," ಎಂದ ಮೆಲ್ಲಗೆ.

ಅವ್ವ ಎದ್ದರೆ ಹಲಗೆ ಮುರಿದು ಅಪ್ಪ ಹೋದಾನು, ಏಳದಿದ್ದರೆ ಅಪ್ಪನ ಕೆಲಸ ಹೋದೀತು. ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯದೆ ನಾನು ಗೋಡೆಗೆ ಅಂಟಿ ನಿಂತೆ. ಅವ್ವ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಉಳಿದ ಹಮಾಲರೂ ಚೀಲ ಇಳಿಸಿ ಕೆಲಸ ನಿಲ್ಲಿಸಿದರು. ಗುಮಾಸ್ತ ಗೊಣಗುತ್ತ ಹೊಸ ಹಲಗೆ ತರಿಸಿದ.

ಎಂಟು ದಿನ ಅಪ್ಪನನ್ನು ಕೆಲಸಕ್ಕೆ ಕರೆಯಲಿಲ್ಲ. ಅವನು ಅವ್ವನೊಡನೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಕರೆ ಬಂತು. ಸಂಜೆ ಮನೆಗೆ ಬಂದವನು, "ಹಲಗಿ ಗಟ್ಟಿ ಐತಿ," ಎಂದಷ್ಟೇ ಹೇಳಿ ಊಟಕ್ಕೆ ಕುಳಿತ.

ಇದನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಿ ಹೇಳಿ ನಾನು ಅವ್ವನನ್ನು ದೊಡ್ಡ ಧೈರ್ಯವಂತೆಯನ್ನಾಗಿ ಮಾಡಿಟ್ಟಿದ್ದೆ. ಮೊನ್ನೆ ಅಂಗಡಿಯಿಂದ ಬಂದವಳು, ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದೆ.

"ಯವ್ವಾ, ಅವತ್ತು ಅಷ್ಟು ಧೈರ್ಯ ನಿನಗ ಎಲ್ಲಿಂದ ಬಂತು?"

ಎಂಬತ್ತು ದಾಟಿದ ಅವ್ವ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. "ಧೈರ್ಯ ಎಲ್ಲೀದು. ಕಾಲು ನಡಗಾಕತ್ತಿದ್ದವು, ನಿಂದ್ರಾಕ ಆಗಲಿಲ್ಲ, ಕುಂತೆ. ಆಮ್ಯಾಲೆ ಏಳಾಕೂ ಆಗಲಿಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ; ಸೊಪ್ಪು ಸೋಸುವ ಕೈ ಹಾಗೇ ನಿಂತಿತ್ತು. ನಾನು ಹೋಗಿ ಅವಳ ಪಕ್ಕದಲ್ಲಿ ಕುಳಿತೆ.