ಮಾರ್ಗಿತ್ ಬಿಗಿದ ಬೆಲ್ಟು

ಮಾರ್ಗಿತ್ ಮುಚ್ಚಿದ ಉಪ್ಪಿನಕಾಯಿ ಜಾಡಿಯನ್ನು ತೆಗೆಯಬಲ್ಲ ಗಂಡಸು ಅಮೆರಿಕದ ಟೊಲೀಡೊದ ನಮ್ಮ ಹಂಗೇರಿಯನ್ನರ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆಗಳನ್ನು ಎತ್ತಿಳಿಸಿದ ಕೈ ಅದು. ನಲ್ಲಿ ತಿರುಗಿಸಿದರೆ ವಾಷರ್ ಕಿತ್ತು ಬರುತ್ತದೆ, ಅಪ್ಪಿಕೊಂಡರೆ ಪಕ್ಕೆಲುಬು ನೋಯುತ್ತದೆ. ಸಡಿಲ ಬಿಟ್ಟರೆ ಎಲ್ಲವೂ ಕೆಡುತ್ತದೆ ಎನ್ನುವುದು ಅವಳ ಮಾತು. ಪಕ್ಕದ ಮನೆಯಲ್ಲಿರುವ ನನಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ.

ಅವಳ ಗಂಡ ಗೇಜಾ ಗಾಜಿನ ಕಾರ್ಖಾನೆಯಲ್ಲಿದ್ದವನು. ಮೊದಲಿನಿಂದಲೂ ಮಾತು ಕಡಿಮೆ. ಅವನ ಪ್ರೀತಿಯೆಲ್ಲ ಗ್ಯಾರೇಜಿನಲ್ಲಿದ್ದ ಕೆಂಪು ಸ್ಪೋರ್ಟ್ಸ್ ಕಾರಿನ ಮೇಲೆ. ಇಬ್ಬರೇ ಕೂರಬಹುದಾದ ಹಳೇ ಕಾರು. ನನಗೆ ಅದನ್ನು ಕಂಡರಾಗುತ್ತಿರಲಿಲ್ಲ, ಭಾನುವಾರದ ನನ್ನ ನಿದ್ದೆಯನ್ನೆಲ್ಲ ತಿಂದದ್ದೇ ಅದು. ಚಳಿಗಾಲಕ್ಕೆ ಮುಂಚೆ ಅದರ ಟೈಮಿಂಗ್ ಬೆಲ್ಟ್ ಬದಲಿಸಲೆಂದು ಎಂಜಿನ್ನಿನ ಮುಂಭಾಗ ಬಿಚ್ಚಿಟ್ಟಿದ್ದ. ಅದೇ ವಾರ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಉಳಿದದ್ದು ಅವನ ತಾಯಿ ಕಲಿಸಿದ ಹಂಗೇರಿಯನ್ ಭಾಷೆಯ ಒಂದೇ ಒಂದು ಪದ: ಬಿಡು.

ಮಾರ್ಗಿತ್ ಸೂಪು ಕುಡಿಸಲು ಹೋದರೆ ಬಿಡು. ಅಂಗಿಯ ಗುಂಡಿ ಹಾಕಲು ಹೋದರೆ ಬಿಡು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಚಿತ್ರ ತೋರಿಸಿದರೂ ಬಿಡು ಎಂದು ಗೋಡೆಗೆ ಮುಖ ಮಾಡುತ್ತಿದ್ದ. ಅವಳೂ ಬರುವುದನ್ನು ನಿಲ್ಲಿಸಿದಳು. ಗಂಡ ಬದುಕಿನ ಆಸೆಯನ್ನೇ ಬಿಟ್ಟಿದ್ದಾನೆಂದು ಮಾರ್ಗಿತ್ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಆ ಕಾರನ್ನ ನಾನೇ ಎಬ್ಬಿಸ್ತೀನಿ ಕಣೇ ಎತೆಲ್ಕಾ. ಅದ್ರ ಸದ್ದಿಗಾದ್ರೂ ಎದ್ದು ಬರ್ತಾನೆ. ಅದಕ್ಕೂ ಬರ್ಲಿಲ್ಲ ಅಂದ್ರೆ ನನ್ನ ಹತ್ರ ಇನ್ನೇನೂ ಇಲ್ಲ" ಅಂದಳು.

ಕಂಪ್ಯೂಟರಿನಲ್ಲಿ ನೋಡಿ ನೋಡಿ ಕಲಿತಳು. ನಾನು ಟಾರ್ಚು ಹಿಡಿಯುವವಳು. ಎಂಜಿನ್ನಿನ ಕೆಳಗಿನ ಭಾಗವನ್ನೂ ಮೇಲಿನ ಭಾಗವನ್ನೂ ಒಂದೇ ತಾಳಕ್ಕೆ ತಿರುಗಿಸುವುದು ಆ ಹಲ್ಲಿನ ಬೆಲ್ಟು. ಅದನ್ನು ಬಿಗಿಯಾಗಿ ಇಡುವುದು ಟೆನ್ಷನರ್ ಎಂಬ ಪುಟ್ಟ ಗಾಲಿ, ಅದರ ಪಕ್ಕಕ್ಕೊಂದು ಸ್ಪ್ರಿಂಗು. ಬೆಲ್ಟು ಸಡಿಲವಾಗಿ ಒಂದು ಹಲ್ಲು ಜಾರಿದರೂ ಒಳಗಿನ ಭಾಗಗಳು ಒಂದಕ್ಕೊಂದು ಹೊಡೆದುಕೊಂಡು ಎಂಜಿನ್ನೇ ಮುಗಿದಂತೆ. ಇಷ್ಟು ಕೇಳಿದ್ದೇ ತಡ, ಮಾರ್ಗಿತ್ ಗಾಲಿಯ ಹಿಂದೆ ಕಬ್ಬಿಣದ ಸರಳು ಕೊಟ್ಟು, ಮೈಭಾರವೆಲ್ಲ ಹಾಕಿ ಒತ್ತಿ, ನಟ್ಟು ಬಿಗಿದಳು.

ಕೀಲಿ ತಿರುಗಿಸಿದಾಗ ಕಾರು ಎದ್ದಿತು, ಆದರೆ ಊಳಿಡುತ್ತಾ ಎದ್ದಿತು. ಆಕ್ಸಿಲರೇಟರ್ ಒತ್ತಿದಷ್ಟೂ ಊಳು ಏರಿತು. ಗಾಬರಿಯಾಗಿ ನಿಲ್ಲಿಸಿದಳು. ಬೆಲ್ಟು ಕೂರಿಸುವಾಗ ಹೊಂದಿಸಬೇಕಾದ ಗುರುತುಗಳನ್ನು ನೋಡಿದಳು, ಎಲ್ಲ ಸರಿಯಾಗಿದ್ದವು. ಗಾಲಿಯ ಬೇರಿಂಗ್ ಕೆಟ್ಟಿರಬೇಕೆಂದು ಹೊಸ ಗಾಲಿ ತರಿಸಿದಳು. ಮತ್ತೆ ಅದೇ ಊಳು. ಅದೇ ಬೆಲ್ಟು ತಿರುಗಿಸುವ ನೀರಿನ ಪಂಪಿರಬಹುದು ಅಂದೆ ನಾನು, ಏನೋ ಗೊತ್ತಿದ್ದವಳ ಹಾಗೆ. ಅದೂ ಚೆನ್ನಾಗಿಯೇ ತಿರುಗುತ್ತಿತ್ತು. ಎಲ್ಲೋ ಸಡಿಲವಾಗಿದೆ ಎಂದುಕೊಂಡು ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಜೋರಾಗಿ ಸರಳು ಒತ್ತುತ್ತಿದ್ದಳು.

ಕೊನೆಯ ಸಲ ಊಳು ಕೇಳಿದಾಗ ಗೇಜಾ ಅಡುಗೆಮನೆಯ ಕಿಟಕಿಯ ಗಾಜನ್ನು ಎಡಗೈಯಿಂದ ಬಡಿಯತೊಡಗಿದ. ಬಿಡು, ಬಿಡು ಎಂದು ಕೂಗುತ್ತಿದ್ದುದು ಗ್ಯಾರೇಜಿಗೂ ಕೇಳಿಸಿತು. ಮಾರ್ಗಿತ್ ಎಂಜಿನ್ ನಿಲ್ಲಿಸಿ, ಸರಳು ಕೈಲಿ ಹಿಡಿದೇ ನೆಲದ ಮೇಲೆ ಕೂತಳು.

"ಅವನೇ ಬಿಡು ಅಂದ್ಮೇಲೆ ಯಾರಿಗೋಸ್ಕರ ಮಾಡ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಹೆಂಡತಿ ಇಷ್ಟು ಒದ್ದಾಡುತ್ತಿದ್ದರೆ ಇವನಿಗೆ ಕರುಣೆಯಿಲ್ಲವೇ ಎಂದು ನಾಲ್ಕು ಮಾತು ಆಡಿಯೇ ಬರೋಣವೆಂದು ಹೋದೆ. ನೋಡಿದರೆ ಅವನು ಕುರ್ಚಿಯಿಂದ ಎದ್ದು, ಊರುಗೋಲು ಹಿಡಿದು, ಬಾಗಿಲಿಗೆ ಒರಗಿ ನಿಂತಿದ್ದಾನೆ. ಬಯ್ಯಲು ಹೋದ ನಾನು ಅವನಿಗೆ ಹೆಗಲು ಕೊಟ್ಟು ಕರೆತಂದೆ.

ಗ್ಯಾರೇಜಿಗೆ ಬಂದವನೇ ಸರಳನ್ನು ಎಡಗೈಯಲ್ಲಿ ಕಿತ್ತು ಮೂಲೆಗೆ ಎಸೆದ. "ಬಿಡು" ಅಂದ.

"ಬಿಟ್ಟೆ ಕಣೋ, ಬಿಟ್ಟೇಬಿಟ್ಟೆ. ನಾಳೆನೇ ಮಾರ್ತೀನಿ ಇದನ್ನ" ಎಂದು ಮಾರ್ಗಿತ್ ಅತ್ತಳು.

ಅವನು ಅದಲ್ಲವೆಂದು ತಲೆ ಅಲ್ಲಾಡಿಸಿದ. ಸ್ಪ್ಯಾನರನ್ನು ಅವಳ ಕೈಗಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ನಟ್ಟು ಸಡಿಲಿಸಿದ. ಆಮೇಲೆ ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದ. ಯಾರೂ ಮುಟ್ಟದೆಯೇ ಸ್ಪ್ರಿಂಗು ಗಾಲಿಯನ್ನು ಒಂದಿಷ್ಟು ಸರಿಸಿ, ತನಗೆ ಬೇಕಾದ ಕಡೆ ನಿಲ್ಲಿಸಿತು. ಸ್ಪ್ರಿಂಗಿನತ್ತ ಬೆರಳು ತೋರಿಸಿ ಅವನು ಇನ್ನೊಮ್ಮೆ ಬಿಡು ಅಂದ, ಈ ಸಲ ತೀರಾ ಮೆದುವಾಗಿ.

"ಅದು ತಾನೇ ಎಳ್ಕೊಳುತ್ತಾ?"

ಗೇಜಾ ಹೌದೆಂದು ತಲೆಯಾಡಿಸಿದ. ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸುವಂತೆ ಅವಳಿಗೆ ಸನ್ನೆ ಮಾಡಿದ. ಆಮೇಲೆ ನಟ್ಟು ಬಿಗಿಸಿದ. ಅವಳು ಎಂದಿನಂತೆ ಮೈಭಾರ ಹಾಕಹೊರಟಾಗ ಮೊಣಕೈ ತಟ್ಟಿ ಸಾಕೆಂದು ತಡೆದ. ಕೀಲಿ ತಿರುಗಿಸಿದರೆ ಊಳಿಲ್ಲ. ಆ ಕಾರಿನ ಸದ್ದು ನನಗೆ ಹಿತವೆನಿಸಿದ್ದು ಅದೇ ಮೊದಲು.

ಮಾರ್ಗಿತ್ ಮಾತ್ರ ಕಾರಿನ ಕಡೆ ನೋಡುತ್ತಿರಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು. "ಹಂಗಾದ್ರೆ ಸೂಪು ಕುಡಿಸುವಾಗ್ಲೂ ಇದೇನಾ ನೀನು ಹೇಳ್ತಿದ್ದಿದ್ದು?" ಎಂದು ಕೇಳಿದಳು.

ಆ ಮಧ್ಯಾಹ್ನ ಊಟಕ್ಕೆ ನಾನೂ ಇದ್ದೆ. ಪಾಪ್ರಿಕಾಶ್, ಅಂದರೆ ಕೆಂಪು ಮೆಣಸಿನ ಕೋಳಿ ಸಾರು ಮಾಡಿದ್ದಳು. ಚಮಚವನ್ನು ಅವನ ಎಡಗೈ ಪಕ್ಕಕ್ಕಿಟ್ಟು, ತನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಅರ್ಧ ಸಾರು ಅಂಗಿಯ ಮೇಲೆ ಹೋಯಿತು. ಮಿಕ್ಕಿದ್ದನ್ನು ಅವನೇ ತಿಂದ. ಒರೆಸಲು ಕೈ ಹೋಗದಂತೆ ಅವಳು ಪಟ್ಟ ಪಾಡು ನನಗಷ್ಟೇ ಗೊತ್ತು.

ಭಾನುವಾರ ಅವರಿಬ್ಬರೂ ಕಾರಿನಲ್ಲಿ ಹೊರಟರು. ಮಾರ್ಗಿತ್ ಕೈಯಿಂದ ಗೇರು ಹಾಕುವ ಕಾರನ್ನು ಜನ್ಮದಲ್ಲಿ ಓಡಿಸಿದವಳಲ್ಲ. ಎಡಗಡೆಯ ಸೀಟು, ಸ್ಟೀರಿಂಗ್ ಚಕ್ರ, ಕ್ಲಚ್ಚು ಅವಳದು. ಬಲಗಡೆ ಕೂತ ಗೇಜಾನ ಎಡಗೈಗೆ ಗೇರು ಸರಿಯಾಗಿ ಸಿಗುತ್ತಿತ್ತು, ಗೇರು ಅವನದು. ನನ್ನ ಮನೆಯ ಮುಂದೆಯೇ ಕಾರು ಜಗ್ಗಿ ಜಗ್ಗಿ ನಿಂತಿತು. ಹಿಂದಿನವನು ಹಾರ್ನ್ ಒತ್ತಿದ. ತೆರೆದ ಕಿಟಕಿಯಿಂದ ಗೇಜಾನ ದನಿ ಕೇಳಿಸಿತು.

"ಒತ್ತು."

ಇಷ್ಟು ತಿಂಗಳಲ್ಲಿ ಅವನ ಬಾಯಿಂದ ಬಂದ ಎರಡನೆಯ ಮಾತು ಅದು. ಮಾರ್ಗಿತ್ ಚಕ್ರ ಹಿಡಿದುಕೊಂಡೇ ಅಳುತ್ತಿದ್ದಳು, ಕ್ಲಚ್ಚು ಒತ್ತುವುದನ್ನೇ ಮರೆತಿದ್ದಳು. ಅವನು ಇನ್ನೊಮ್ಮೆ ಹೇಳಬೇಕಾಯಿತು, ಸ್ವಲ್ಪ ಸಿಟ್ಟಿನಿಂದಲೇ.