ಪಾಯಸದ ಕುಶಾಲಪ್ಪಣ್ಣ

ನಾಲ್ಕೈದು ಎಲೆಗೆ ಬಡಿಸಿದ ಕೂಡಲೇ ಕುಶಾಲಪ್ಪಣ್ಣ ಪಾಯಸದ ಬಾಲ್ದಿಯನ್ನು ನೆಲಕ್ಕಿಟ್ಟು, ಎರಡೂ ಕೈ ಸೊಂಟಕ್ಕೆ ಕೊಟ್ಟು, ಸೆಟೆದು ನಿಂತು ಇಡೀ ಪಂಕ್ತಿಯನ್ನೊಮ್ಮೆ ನೋಡುತ್ತಿದ್ದರು. ಯಜಮಾನಿಕೆಯ ಗತ್ತು ಅದೆಂದು ನಾವು ನಂಬಿದ್ದೆವು. ಬಡಿಸಲು ಕಲಿಯುತ್ತಿದ್ದ ನಾವೆಲ್ಲ ಸಾರಿನ ಬಾಲ್ದಿ ಕೆಳಗಿಟ್ಟು ಹಾಗೆಯೇ ನಿಲ್ಲುತ್ತಿದ್ದೆವು. ಅದು ನೋವೆಂದು ಗೊತ್ತಾಗಲು ವರ್ಷಗಳೇ ಬೇಕಾದವು.

ಸುಳ್ಯದ ಕಡೆಯ ನಮ್ಮ ಹಳ್ಳಿಯಲ್ಲಿ ಮದುವೆಗೆ ಬಡಿಸುವವರು ನೆರೆಕರೆಯವರೇ. ಯಾರ ಮನೆಯ ಕಾರ್ಯವಾದರೂ ಪಾಯಸ ಮಾತ್ರ ಕುಶಾಲಪ್ಪಣ್ಣನದು. ರಬ್ಬರ್ ಹಾಲು ತೆಗೆಯುವುದು ಅವರ ಕೆಲಸ, ಆದರೆ ಊರು ಅವರನ್ನು ಗುರುತಿಸುತ್ತಿದ್ದದ್ದು ಸೌಟಿನಿಂದ. ನಿಂತಲ್ಲಿಂದಲೇ ಸಾರು ಸುರಿದರೆ ನನಗೆ ಬೈಗುಳ ಖಂಡಿತ. “ಬಗ್ಗಿ ಬಡಿಸು ಮಾರಾಯ, ಉಣ್ಣುವವರ ಮುಖ ಕಾಣ್ಬೇಕು ನಿಂಗೆ,” ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯವರಿಗೆ ಅರ್ಧ ಸೌಟು ಹಾಕಿ, ಪಕ್ಕದಲ್ಲಿ ಕುಳಿತ ಅವರ ಹೆಂಡತಿಯರು ಆಚೆ ತಿರುಗಿದಾಗ ಇನ್ನರ್ಧ ಹಾಕುವ ತುಂಟತನವೂ ಇತ್ತು.

ಒಂದು ದಿನ ಬಲಗಾಲು ಜೋಮು ಹಿಡಿದು ಬಸ್ಸಿನ ಮೆಟ್ಟಿಲು ಹತ್ತಲಾಗದೆ ನಿಂತುಬಿಟ್ಟರು. ನಾನೇ ಪುತ್ತೂರಿಗೆ ಕರೆದುಕೊಂಡು ಹೋದೆ. ಸೊಂಟದ ಒಂದು ಮೂಳೆ ಮುಂದಕ್ಕೆ ಜಾರಿ ನರವನ್ನು ಒತ್ತುತ್ತಿದೆ ಎಂದರು ಅಲ್ಲಿಯ ಡಾಕ್ಟರು. ಮಾತ್ರೆ, ವ್ಯಾಯಾಮ ಯಾವುದೂ ಸಾಲದೆ ಕೊನೆಗೆ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಜಾರಿದ ಮೂಳೆಯನ್ನು ಕೆಳಗಿನ ಮೂಳೆಗೆ ಸ್ಕ್ರೂ, ಸರಳು ಹಾಕಿ ಜೋಡಿಸಿದರು. ಕಾಲುನೋವು ಹೋಗುತ್ತದೆ, ಸೊಂಟನೋವು ಸ್ವಲ್ಪ ಉಳಿಯಬಹುದು, ಎರಡೂ ಮೂಳೆ ಬೆಸೆಯುವವರೆಗೆ ಬಗ್ಗಬಾರದು, ಭಾರ ಎತ್ತಬಾರದು ಎಂದರು. ಕುಶಾಲಪ್ಪಣ್ಣ ಕೇಳಿದ್ದು ಒಂದೇ, ಮತ್ತೆ ಪಾಯಸ ಬಡಿಸಬಹುದಾ ಎಂದು. ವರ್ಷ ಕಳೆಯಲಿ, ನೋಡುವ ಎಂದರು ಡಾಕ್ಟರು.

ಅವರು ಬೆಲ್ಟು ಕಟ್ಟಿಕೊಂಡು, ಹೇಳಿದಷ್ಟು ನಡೆದು, ಆ ವರ್ಷವನ್ನು ವ್ರತದಂತೆ ಕಳೆದರು. ಕಾಲಿನ ಜೋಮು ಹೋಯಿತು. ಮಳೆ ಹಿಡಿದಾಗ ಸೊಂಟವೂ ಒಂದಿಷ್ಟು ಹಿಡಿಯುತ್ತಿತ್ತು, ಅಷ್ಟೆ. ಎಕ್ಸ್‌ರೇ ನೋಡಿ ಡಾಕ್ಟರು, ಮೂಳೆ ಚೆನ್ನಾಗಿ ಬೆಸೆದಿದೆ, ಹದವರಿತು ಬಡಿಸಬಹುದು ಎಂದರು. ಹಿಂದಿರುಗಿ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬರಲಿರುವ ಮದುವೆಗಳದೇ ಮಾತು.

ಆದರೆ ಬಾಲ್ದಿಗೆ ಕೈ ಹಾಕಿದಲ್ಲೆಲ್ಲ ಯಾರಾದರೊಬ್ಬರು ಕಸಿದುಕೊಂಡು ಕುರ್ಚಿ ತಂದಿಡುತ್ತಿದ್ದರು. ನನ್ನ ತಂಗಿಯ ಮದುವೆ ಪುತ್ತೂರಿನ ಹತ್ತಿರದ ಸವಣೂರಿನ ಒಂದು ಹಾಲ್‌ನಲ್ಲಿ ನಡೆಯಿತು. ಅಲ್ಲಿ ಮೇಜಿನ ಮೇಲೆ ಎಲೆ, ಹೆಚ್ಚು ಬಗ್ಗಬೇಕಾಗಿಯೂ ಇರಲಿಲ್ಲ. ಅರ್ಧ ಬಾಲ್ದಿ ಪಾಯಸ ಹಿಡಿದು ಹೊರಟವರ ಕೈಯಿಂದ ನಾನೇ ಅದನ್ನು ಕಸಿದೆ. ಸ್ಕ್ರೂ ಸಡಿಲವಾದರೆ ನಮ್ಮ ಮದುವೆಗೆ ಕೆಟ್ಟ ಹೆಸರು ಎಂದು ತಮಾಷೆಯನ್ನೂ ಮಾಡಿದೆ. ಸುತ್ತಲಿದ್ದವರು ನಕ್ಕರು.

“ಡಾಕ್ಟ್ರು ಬಿಟ್ಟಿದ್ದಾರೆ ಮಾರಾಯ. ನೀವೇ ಬಿಡುದಿಲ್ಲ,” ಎಂದರು ಕುಶಾಲಪ್ಪಣ್ಣ.

ಅವರು ಊಟ ಮಾಡದೆ ಹೋದರೆಂದು ಅವರ ಹೆಂಡತಿ ಕಮಲಕ್ಕ ಹೇಳಿದ್ದು ಮಾರನೆಯ ದಿನ. ನನಗೆ ತುಂಬ ನಾಚಿಕೆಯಾಯಿತು. ತಂಗಿಯ ಮಗುವಿನ ನಾಮಕರಣಕ್ಕೆ ಪಾಯಸ ನೀವೇ ಬಡಿಸಬೇಕು ಎಂದು ಮನೆಗೇ ಹೋಗಿ ಕರೆಯುವುದೆಂದು ನಿಶ್ಚಯಿಸಿದ್ದೆ. ನಾಮಕರಣಕ್ಕೆ ವಾರವಿರುವಾಗ ಕುಶಾಲಪ್ಪಣ್ಣ ಹೃದಯಾಘಾತವಾಗಿ ಹೋಗಿಬಿಟ್ಟರು.

ನಾನು ಹೋದಾಗ ಕಮಲಕ್ಕ ಜಗಲಿಯಲ್ಲಿ ಕುಳಿತಿದ್ದರು. ಹೋದ ದಿನ ಬೆಳಿಗ್ಗೆಯೂ ಬಾವಿಯಿಂದ ನಾಲ್ಕು ಕೊಡ ನೀರು ಕುಶಾಲಪ್ಪಣ್ಣನೇ ಸೇದಿ ಕೊಟ್ಟಿದ್ದರಂತೆ.