ಐದು ಗಂಟೆಯ ಮೇಲೆ ನಾವು

"ಒಂದನೇ ಪಾರ್ಟಿ ಯಾರು, ಎರಡನೇ ಪಾರ್ಟಿ ಯಾರು?" ಎಂದು ಪತ್ರ ಬರಹಗಾರರು ಕೇಳಿದ್ದೇ ತಡ, ಅಲ್ಲಿಯವರೆಗೆ ನಗುನಗುತ್ತಾ ಬಾದಾಮಿ ಹಾಲು ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು.

ರಾಮನಗರದಲ್ಲಿ ನಮ್ಮದು ಮಹಿಳಾ ಸಂಘಗಳ ಒಕ್ಕೂಟ. ಎದುರಿಗೆ ಕುಳಿತಿದ್ದವರು ರೇಷ್ಮೆ ನೂಲು ಬಿಚ್ಚಿಸುವ ರೀಲರ್‌ಗಳ ಸಂಘದವರು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಅವರ ಫಿಲೇಚರ್‌ಗಳಲ್ಲಿ ದುಡಿಯುವ ಹೆಂಗಸರ ಮಕ್ಕಳಿಗಾಗಿ ಎರಡೂ ಕಡೆಯವರು ಸೇರಿ ಒಂದು ಮಕ್ಕಳ ಮನೆ ನಡೆಸುವುದೆಂದು ಮಾತಾಗಿತ್ತು. ಕಟ್ಟಡ ಅವರದು, ಹಗಲು ಹೊತ್ತಿನ ಆಯಾ ನಮ್ಮ ಕಡೆಯವಳು. ಅಷ್ಟರ ತನಕ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ನಡೆದಿತ್ತು. ನಾನು ಒಕ್ಕೂಟದ ಕಾರ್ಯದರ್ಶಿ. ಕುದೂರಿನಲ್ಲಿ ಹುಟ್ಟಿ ರಾಮನಗರಕ್ಕೆ ಸೊಸೆಯಾಗಿ ಬಂದು, ಮನೆಯಲ್ಲೇ ಹೊಲಿಗೆ ಮಿಷನ್ ತುಳಿಯುತ್ತಿದ್ದವಳು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು. ನನಗೆ ಕೋಪ ಬೇಗ ಬರುತ್ತದೆ, ವಿಷಯ ನಿಧಾನವಾಗಿ ಅರ್ಥವಾಗುತ್ತದೆ ಎಂದು ನಮ್ಮತ್ತೆ ಹೇಳುತ್ತಾರೆ. ಮೊದಲನೆಯದನ್ನು ಮಾತ್ರ ನಾನು ಒಪ್ಪುತ್ತೇನೆ.

ನಮ್ಮ ಅಧ್ಯಕ್ಷೆ ಮರಳವಾಡಿ ಕಡೆಯವರು. ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಅಭ್ಯಾಸವಾದ ಗಂಟಲು.

"ನಾವ್ಯಾಕೆ ಎರಡ್ನೇ ಪಾರ್ಟಿ ಆಗಾಣ? ಊರೂರ್ಗೂ ಸಂಘ ಐತೆ ನಮ್ದು. ಒಂದ್ನೇದು ಅಂತ್ಲೇ ಬರೀರಿ" ಅಂದರು.

ರೀಲರ್‌ಗಳ ಅಧ್ಯಕ್ಷರು ವಯಸ್ಸಾದ ಸಾಹೇಬರು, ಮೆತ್ತಗೆ ಮಾತಾಡುವವರು. "ಕಟ್ಟಡ ಕೊಟ್ಟೋರು ಎರಡನೇಯೋರಾ ಅಮ್ಮಾ? ಮನೆ ಯಜಮಾನನ್ನ ಯಾರಾದ್ರೂ ಬಾಗ್ಲಾಚೆ ನಿಲ್ಲಿಸ್ತಾರಾ, ನೀವೇ ಹೇಳಿ" ಎಂದು ನಕ್ಕರು. ನಕ್ಕರೇ ಹೊರತು ಬಿಟ್ಟುಕೊಡಲಿಲ್ಲ.

"ಅಯ್ಯೋ, ಇದು ಬರೀ ಗುರುತಿಗೆ ಕಣಮ್ಮಾ. ಒಂದು, ಎರಡು ಅಂದ್ರೆ ರ‍್ಯಾಂಕ್ ಅಲ್ಲ" ಎಂದು ಪತ್ರ ಬರಹಗಾರರು ಗೋಗರೆದರು. ಯಾರು ಕೇಳುತ್ತಾರೆ! ಎಳೆದಾಡಿ ಎಳೆದಾಡಿ ಮಧ್ಯಾಹ್ನವಾಯಿತು. ಕೊನೆಗೆ ಯಾರೋ ಒಬ್ಬರು, ಯಾವ ಕಡೆಯವರೆಂದು ಇವತ್ತಿಗೂ ನನಗೆ ನೆನಪಾಗುತ್ತಿಲ್ಲ, "ಒಂದೂ ಬ್ಯಾಡ, ಎರಡೂ ಬ್ಯಾಡ, ಎಲ್ಲಾ ಕಡೆ 'ನಾವು' ಅಂತ ಬರ್ದ್‌ಬುಡಿ" ಅಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಪತ್ರ ಬರಹಗಾರರು ಮಾತ್ರ ತಲೆ ಕೆರೆದುಕೊಂಡು "ನಿಮ್ಮಿಷ್ಟ" ಎಂದು ಪೆನ್ನಿನ ಮುಚ್ಚಳ ಹಾಕಿದರು.

ಹಾಗೆ ಒಪ್ಪಂದವಾಯಿತು, ಬರೆದದ್ದು ನಾನೇ. ಮಕ್ಕಳಿಗೆ ಹಾಲು ನಾವು ಕೊಡುತ್ತೇವೆ. ಗೋಡೆಗೆ ಸುಣ್ಣ ನಾವು ಬಳಿಸುತ್ತೇವೆ. ಐದು ಗಂಟೆಯ ಮೇಲೆ, ತಾಯಿ ಬರುವ ತನಕ, ಮಗುವನ್ನು ನಾವು ನೋಡಿಕೊಳ್ಳುತ್ತೇವೆ. ಓದುವುದಕ್ಕೆ ಎಷ್ಟು ಚೆನ್ನಾಗಿತ್ತು ಅಂತೀರಿ! ಎರಡೂ ಕಡೆಯವರು ಸಹಿ ಮಾಡಿ ಫೋಟೋ ತೆಗೆಸಿಕೊಂಡರು.

ಆ ಐದು ಗಂಟೆಯ ಸಾಲು ಸೇರಿದ್ದು ಮುಖ್ಯವಾಗಿ ಒಬ್ಬಳಿಗಾಗಿ. ನಮ್ಮ ಹಿಂದಿನ ಓಣಿಯಲ್ಲಿದ್ದ ಚಿಕ್ಕ ವಯಸ್ಸಿನ ಹೆಂಗಸು, ಫಿಲೇಚರ್‌ನಲ್ಲಿ ನೂಲು ಬಿಚ್ಚುವವಳು. ಗಂಡ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ, ಮನೆಯಲ್ಲಿ ಹಿರಿಯರೂ ಇಲ್ಲ. ಹೆಣ್ಣು ಮಗು ಆಗಷ್ಟೇ ಓಡಾಡಲು ಕಲಿತಿತ್ತು. ಓಡುವುದೆಂದರೆ ಎಂಥ ಓಟ, ಬಾಗಿಲು ತೆರೆದಿದ್ದರೆ ಬೀದಿಯಲ್ಲೇ ಇರುತ್ತಿತ್ತು. ಬೇರೆ ಮಕ್ಕಳನ್ನು ಐದಕ್ಕೆ ಅಜ್ಜಿಯೋ ಅಕ್ಕನೋ ಬಂದು ಕರೆದೊಯ್ಯುತ್ತಿದ್ದರು. ಈ ಮಗುವಿಗೆ ಯಾರೂ ಇರಲಿಲ್ಲ.

"ಅಕ್ಕಾ, ಆರು ಗಂಟೆಗೆ ಮುಂಚೆ ಬೇಸಿನ್ ಬುಟ್ಟು ಏಳಕ್ಕಾಗಲ್ಲ" ಎಂದು ಅವಳು ನನ್ನ ಹೊಲಿಗೆ ಮಿಷನ್ ಪಕ್ಕ ಕೂತು ಹೇಳಿದ್ದಳು. "ಗೂಡು ಬೆಂದಿರ್ತವೆ, ಎಳೆ ಓಡ್ತಿರ್ತದೆ. ಮಗೂನ ಅಲ್ಲಿಗೆ ಕರ್ಕಂಡು ಹೋದ್ರೆ ಸುತ್ತಾ ಕುದಿಯೋ ನೀರು. ನಾನು ಬರೋಗಂಟ ಯಾರಾದ್ರೂ ಒಬ್ರು ಇದ್ರೆ ಸಾಕು, ಇನ್ನೇನೂ ಬ್ಯಾಡ."

"ಅದಕ್ಕೇ ಅಲ್ವೇನೆ ಒಪ್ಪಂದ ಮಾಡಿರೋದು? ನಾವಿದ್ದೀವಿ, ನೀನು ನಿಶ್ಚಿಂತೆಯಾಗಿ ಹೋಗು" ಅಂದಿದ್ದೆ.

ಮೊದಮೊದಲು ತೊಂದರೆಯೇ ಕಾಣಲಿಲ್ಲ. ಆಯಾ ಅಕ್ಕೂರಿನವಳು, ಅವಳ ಬಸ್ಸು ಇದ್ದದ್ದೇ ಆರೂವರೆಗೆ. ಅಲ್ಲಿಯ ತನಕ ಬಸ್ ಸ್ಟ್ಯಾಂಡಿನಲ್ಲಿ ಕೂರುವ ಬದಲು ಮಗುವಿನ ಜೊತೆ ಕೂರುತ್ತಿದ್ದಳು. ಒಪ್ಪಂದ ಕೆಲಸ ಮಾಡುತ್ತಿದೆ ಎಂದು ನಾವು ಹಿಗ್ಗುತ್ತಿದ್ದೆವು. ಕೆಲಸ ಮಾಡುತ್ತಿದ್ದದ್ದು ಆ ಬಸ್ಸು! ಅದು ನಿಂತುಹೋಗಿ, ಅದರ ಬದಲು ಐದೂಕಾಲಕ್ಕೆ ಒಂದು ಬಸ್ಸು ಬಿಟ್ಟಾಗ ಆಯಾ ನಮ್ಮ ಅಧ್ಯಕ್ಷೆಗೆ ಫೋನ್ ಮಾಡಿ, ಇನ್ನು ಮೇಲೆ ತಾನು ಇರುವುದಕ್ಕಾಗುವುದಿಲ್ಲ ಅಂದಳು. ಅವರು "ಆಯ್ತು ಕಣವ್ವಾ, ನಾವು ನೋಡ್ಕತೀವಿ" ಅಂದರು. ಆಯಾ ಮಕ್ಕಳ ಮನೆಯ ಪಕ್ಕದಲ್ಲೇ ಇದ್ದ ರೀಲರ್‌ಗಳ ಆಫೀಸಿಗೆ ಹೋಗಿ ಸಾಹೇಬರಿಗೂ ಹೇಳಿದಳು. ಅವರೂ "ಆಗ್ಲಮ್ಮಾ, ನಾವು ನೋಡ್ಕೊಳ್ತೀವಿ" ಅಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಇಬ್ಬರೂ ಒಪ್ಪಂದದಲ್ಲಿದ್ದದ್ದನ್ನೇ ಹೇಳಿದರು.

ಮಾರನೆಯ ಸಂಜೆ ನಾನು ರವಿಕೆಗೆ ತೋಳು ಕೂರಿಸುತ್ತಿದ್ದೆ. ಆ ತಾಯಿ ಬರಿಗಾಲಲ್ಲಿ ಓಡಿ ಬಂದಳು. "ಅಕ್ಕಾ, ನನ್ ಮಗು ಎಲ್ಲಿ? ಮಕ್ಕಳ ಮನೆಗೆ ಬೀಗ ಹಾಕ್ಬುಟ್ಟವ್ರೆ."

ಆಯಾಗೆ ಫೋನ್ ಮಾಡಿದೆ. ಬಸ್ಸಿನ ಸದ್ದಿನ ನಡುವೆ, "ನಾನು ಆಪೀಸ್ನಣ್ಣನ ಕೈಗೇ ಕೊಟ್ ಬಂದೆ ಕಣಕ್ಕಾ" ಅಂದಳು. ಆಫೀಸಿಗೆ ಓಡಿದೆವು. ಅಲ್ಲಿ ಬೀಗ ಹಾಕುತ್ತಿದ್ದ ಗುಮಾಸ್ತ, "ನಿಮ್ಮೋರೇ ಬಂದು ಕರ್ಕಂಡು ಹೋದ್ರಲ್ಲ, ಹಸಿರು ಸೀರೆಯೋರು" ಅಂದ. ಒಕ್ಕೂಟದ ಯೂನಿಫಾರ್ಮ್ ಸೀರೆಯೇ ಹಸಿರು! ಆ ದಿನ ಮಧ್ಯಾಹ್ನ ಒಕ್ಕೂಟದ ಸಭೆ ಬೇರೆ ಇತ್ತು, ಇಡೀ ರಾಮನಗರದ ತುಂಬ ಹಸಿರು ಸೀರೆ. ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಹೋದೆ. ಕೊನೆಗೆ ಕನಕಪುರದ ಬಸ್ಸಿನಲ್ಲಿದ್ದ ಒಬ್ಬ ಸದಸ್ಯೆ ಸಿಕ್ಕಿದಳು.

"ಹೂಂ ಕಣಕ್ಕಾ, ನಮ್ಮೋರ ಜವಾಬ್ದಾರಿ ಅಂದ್ರು, ಕರ್ಕಂಡೆ. ಅವ್ರಮ್ಮ ಬರ್ಲೇ ಇಲ್ಲ. ಬಸ್ ಹೊಂಟೋಯ್ತದೆ ಅಂತ ಮೂಲೇಲಿ ಹೂ ಮಾರೋಳ ತಾವ ಬುಟ್ ಬಂದೆ. ಒಸಿ ನೋಡ್ಕಳವ್ವ, ಅವ್ರು ಬತ್ತಾರೆ ಅಂದೆ."

"ಅವ್ರು ಅಂದ್ರೆ ಯಾರೇ?" ಎಂದು ಅರಚಿದೆ.

"ಅವ್ರೇ... ನಾವೇ" ಅಂದಳು.

ಹೂವಿನ ಗಾಡಿಯ ಹಿಂದೆ ಗೋಣಿತಾಟಿನ ಮೇಲೆ ಮಗು ನಿದ್ದೆ ಹೋಗಿತ್ತು. ತಲೆಗೆ ಒಂದು ತುಂಡು ಮಲ್ಲಿಗೆ ಸಿಕ್ಕಿಸಿದ್ದರು. ಆ ಗಾಡಿಯ ಮುಂದೆಯೇ ನಾವು ಎರಡು ಸಲ ಓಡಿ ಹೋಗಿದ್ದೆವು. ತಾಯಿ ಯಾರನ್ನೂ ಬೈಯಲಿಲ್ಲ. ಮಗುವನ್ನು ಎತ್ತಿಕೊಂಡು, ದುಪಟ್ಟಾದಲ್ಲಿ ಸುತ್ತಿಕೊಂಡು ಹೊರಟುಹೋದಳು. ಅವಳು ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಎರಡು ದಿನ ಕಳೆದು ಸಭೆ ಸೇರಿತು. ಅಧ್ಯಕ್ಷರಿಬ್ಬರ ಕೈಯಲ್ಲೂ ಒಂದೊಂದು ಒಪ್ಪಂದದ ಪ್ರತಿ, ಇಬ್ಬರ ಬೆರಳೂ ಒಂದೇ ಸಾಲಿನ ಮೇಲೆ.

"ನಾವು ಅಂತ ಬರ್ದಿದೆ ನೋಡಿ. ಮಕ್ಕಳನ್ನ ನೋಡ್ಕೊಳ್ಳೋ ಕೆಲ್ಸ ಹೆಂಗಸರ ಸಂಘದ್ದು ಅಂತ ಅರ್ಥ ಅಲ್ವಾ? ನಮ್ಮ ಗಂಡಸ್ರಿಗೆ ಏನು ತಿಳೀತದೆ?" ಅಂದರು ಸಾಹೇಬರು. ಪಾಪ, ನಿಜಕ್ಕೂ ನೊಂದುಕೊಂಡಿದ್ದರು, ಮಗುವಿಗೆಂದು ಒಂದು ಗೊಂಬೆಯನ್ನೂ ತಂದಿದ್ದರು.

"ಚೆನ್ನಾಗ್ ಹೇಳಿದ್ರಿ! ಆರು ಗಂಟೆಗಂಟ ಅವ್ವನ್ನ ದುಡಿಸ್ಕಳೋರು ನೀವು. ಐದಕ್ಕೇ ಬುಟ್ರೆ ಅವ್ಳೇ ಬಂದು ಕರ್ಕಂಡು ಹೋಯ್ತಾಳೆ. ಆ 'ನಾವು' ನೀವೇಯ!" ಅಂದರು ನಮ್ಮ ಅಧ್ಯಕ್ಷೆ.

ಸಾಹೇಬರು ಹೇಳಿದಾಗ ಸಾಹೇಬರದೇ ಸರಿ ಅನ್ನಿಸುತ್ತಿತ್ತು. ಅಧ್ಯಕ್ಷೆ ಹೇಳಿದಾಗ ಅವರದೇ ಸರಿ. ತಲೆ ಕೆಟ್ಟು ಕೆರ ಹಿಡಿದುಹೋಯಿತು. ನನ್ನದೇ ದುಂಡು ಅಕ್ಷರದಲ್ಲಿದ್ದ ಆ 'ನಾವು' ಯಾರೆಂದು ನನಗೇ ತಿಳಿಯುತ್ತಿರಲಿಲ್ಲ. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು" ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಅಂದರು, ಒಂದಿಬ್ಬರು ನಕ್ಕರು. ತೀರ್ಮಾನವನ್ನು ಮಾರನೆಯ ದಿನಕ್ಕೆ ಮುಂದೂಡಿ ಎಲ್ಲರೂ ಎದ್ದರು.

ಮನೆಗೆ ಬಂದು ಅತ್ತೆಯವರ ಮುಂದೆ ಹಾರಾಡಿದೆ. ನಮ್ಮ ಮನೆಯಲ್ಲಿ ಹಿರಿಯರು ಆಡುವುದು ತೆಲುಗು. ಅವರು ಅವರೆಕಾಯಿ ಸುಲಿಯುತ್ತಲೇ, "ಯಾವ ನಾವು? ಮನಮಾ, ಮೇಮಾ?" ಅಂದರು.

"ಎರಡಕ್ಕೂ ನಾವು ಅಂತಲೇ ಅಲ್ವಾ ಅತ್ತೆ?"

"ನಿಮ್ ಕನ್ನಡದಾಗೆ. ಕೇಳುಸ್ಕಳೋರೂ ಸೇರಿದ್ರೆ ಮನಮು. ಅವ್ರನ್ನ ಬುಟ್ಟು ಬರೀ ನಾವಾದ್ರೆ ಮೇಮು."

ಆಹಾ, ಉತ್ತರ ಸಿಕ್ಕಿತು ಎಂದು ಒಂದು ಗಳಿಗೆ ಕುಣಿದೆ. ಯೋಚಿಸುತ್ತಾ ಹೋದಂತೆ ಮತ್ತೆ ಗೋಜಲಾಯಿತು. ಎರಡೂ ಕಡೆಯವರು ಸೇರಿದ 'ನಾವು' ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ನಾಳೆ ಐದು ಗಂಟೆಗೆ ಅಲ್ಲಿ ಹೋಗಿ ಕೂರುವ ದೇಹ ಯಾರದು? ಅತ್ತೆಯವರ ತೆಲುಗಿನಲ್ಲೂ ಅದಕ್ಕೆ ಉತ್ತರವಿರಲಿಲ್ಲ.

ಮಾರನೆಯ ದಿನ ಪತ್ರ ಬರಹಗಾರರನ್ನೂ ಕರೆಸಿ ಆ ಸಾಲನ್ನು ತಿದ್ದಿಸಿದರು. "ಐದು ಗಂಟೆಯ ಮೇಲೆ ಮಗುವಿನ ಪಾಲನೆಯು ಉಭಯತ್ರರ ಜಂಟಿ ಜವಾಬ್ದಾರಿಯಾಗಿರತಕ್ಕದ್ದು" ಎಂದಾಯಿತು. ಎಲ್ಲರ ಮುಖವೂ ಅರಳಿತು.

"ಸರಿ, ಇವತ್ತು ಸಾಯಂಕಾಲ ಯಾರು ಬರ್ತೀರಿ?" ಎಂದು ಕೇಳಿದೆ.

ಒಬ್ಬರು ಫ್ಯಾನ್ ನೋಡಿದರು, ಒಬ್ಬರು ಫೋನ್ ನೋಡಿದರು. ಸಾಹೇಬರು ಗಡ್ಡ ನೀವಿಕೊಂಡರು. "ಅದ್ಕೊಂದು ಸಮಿತಿ ಮಾಡಾಣ ಕಣಮ್ಮಿ, ಆತುರ ಬ್ಯಾಡ" ಅಂದರು ನಮ್ಮ ಅಧ್ಯಕ್ಷೆ. ನನಗೆ ಮೈಯೆಲ್ಲಾ ಉರಿದುಹೋಯಿತು. ಆದರೆ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಾನು ಬರುತ್ತೇನೆ ಎಂದು ನಾನೂ ಹೇಳಿರಲಿಲ್ಲವಲ್ಲ. ಹೊಲಿಗೆ ಇದೆ, ಅಡುಗೆ ಇದೆ, ಅದು ಒಕ್ಕೂಟದ ಕೆಲಸ ತಾನೆ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ನಾನೂ ಆ ಒಕ್ಕೂಟದವಳೇ ಎಂಬುದು ಆಗ ಹೊಳೆಯಲಿಲ್ಲ.

ಒಪ್ಪಂದ ತಿದ್ದಿದ ಸುದ್ದಿಯನ್ನಾದರೂ ಅವಳಿಗೆ ಹೇಳೋಣವೆಂದು ನೆಟ್ಟಗೆ ಫಿಲೇಚರ್‌ಗೆ ಹೋದೆ. ಹುಡುಕಾಡಿದ ಆ ಸಂಜೆಯಿಂದ ಮಗು ಮಕ್ಕಳ ಮನೆಗೇ ಬಂದಿಲ್ಲ ಎಂದು ಆಯಾ ದಾರಿಯಲ್ಲಿ ಹೇಳಿದಳು. ಶೆಡ್ಡಿನ ಒಳಗೆ ಹಬೆ, ಬೆಂದ ಹುಳುವಿನ ವಾಸನೆ, ಕಣ್ಣು ಉರಿ. ಸಾಲಾಗಿ ಬೇಸಿನ್‌ಗಳು, ಅವುಗಳಲ್ಲಿ ನೀರು ಕೊತಕೊತ. ಅವಳು ಕೊನೆಯ ಬೇಸಿನ್‌ನಲ್ಲಿದ್ದಳು. ಅವಳ ಬೆನ್ನ ಹಿಂದಿನ ಕಂಬದ ಬಳಿ ಮಗು ಕೂತಿತ್ತು. ಒಂದು ಕಾಲಿಗೆ ದುಪಟ್ಟಾ ಬಿಗಿದು, ಅದರ ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿದ್ದರು. ನನ್ನನ್ನು ಕಂಡು ಮಗು ಎದ್ದು ಓಡಿ ಬಂತು, ದುಪಟ್ಟಾ ಬಿಗಿಯಾದ ಕಡೆ ತಟ್ಟನೆ ನಿಂತು, ಮತ್ತೆ ಕೂತುಕೊಂಡಿತು. ಅಳಲಿಲ್ಲ. ಎಲ್ಲಿಯ ತನಕ ಓಡಬಹುದು ಎಂದು ಅದಕ್ಕೆ ಆಗಲೇ ಗೊತ್ತಾಗಿತ್ತು.

"ಅಯ್ಯೋ, ಯಾರೇ ಇದನ್ನ ಹಿಂಗೆ ಕಟ್ಟಿರೋದು?" ಎಂದು ಕಿರುಚಿದೆ.

"ನಾನೇ ಅಕ್ಕಾ." ಅವಳ ಕೈ ನೀರಿನಲ್ಲೇ ಇತ್ತು. "ಇಲ್ಲಿ ಯಾರು ಅಂತ ಹುಡುಕ್ಕಂಡು ಹೋಗಂಗಿಲ್ಲ."

ಒಪ್ಪಂದದ ಸುದ್ದಿ ಎತ್ತಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. "ನಾಳೆಯಿಂದ ಐದು ಗಂಟೆಗೆ ನಾನೇ ಬಂದು ಮಗೂನ ಕರ್ಕೊಂಡು ಹೋಗ್ತೀನಿ, ನಮ್ಮನೇಲಿರ್ಲಿ ಕಣೇ" ಅಂದೆ.

"ಒಕ್ಕೂಟದೋರು ಹೇಳಿದ್ರಾ?"

"ಇಲ್ಲ. ನಾನು ಹೇಳ್ತಿದ್ದೀನಿ."

"ಎಷ್ಟೊತ್ತಿನಗಂಟ?"

"ನೀನು ಬರೋಗಂಟ."

ನಾನು ಬಗ್ಗಿ ಮಗುವಿನ ಕಾಲಿನ ಗಂಟಿಗೆ ಕೈ ಹಾಕಿದೆ. ಬಿಸಿನೀರಿಗೆ ಬೆಂದು ಬಿಳಿಚಿಕೊಂಡಿದ್ದ ಬೆರಳುಗಳಿಂದ ಅವಳು ನನ್ನ ಕೈ ತಡೆದಳು.

"ಇವತ್ತಿಗೆ ಇರ್ಲಿ ಅಕ್ಕಾ" ಅಂದಳು. "ನಾಳೆ ನೀವು ಬಂದ್ಮೇಲೆ ಬಿಚ್ಚಾಣ."